ಹೆಸರೇ ಕೇಳದ ಫೋನ್ ನಂಬರ್

ನಮ್ಮಲ್ಲಿ ಪೊಲೀಸರು ಹಾಕ್ಸೋ ಯಾವ ಬ್ಯಾನರ್ ಬೇಕಾದ್ರೂ ನೋಡಿ, ಗಾಂಜಾ ಬಗ್ಗೆ ಇರ್ಲಿ, ಸರಗಳ್ಳರ ಬಗ್ಗೆ ಇರ್ಲಿ, ಕೊನೆಗೆ ಒಂದು ಸಾಲು ಇದ್ದೇ ಇರುತ್ತೆ, "ಮಾಹಿತಿ ನೀಡಿದವರ ಹೆಸರನ್ನು ಗೌಪ್ಯವಾಗಿ ಇಡಲಾಗುವುದು" ಅಂತ. ನನ್ನ ತಕರಾರು ಇರೋದೇ ಆ ಸಾಲಿನ ಮೇಲೆ. ಗೌಪ್ಯವಾಗಿ ಇಡ್ಬೇಕು ಅಂದ್ರೆ ಮೊದ್ಲು ಹೆಸರು ತಗೊಂಡಿರ್ಬೇಕು ತಾನೇ? ತಗೊಂಡ ಮೇಲೆ ಅದು ಯಾವುದೋ ರಿಜಿಸ್ಟರ್‌ನಲ್ಲೋ ಯಾರದ್ದೋ ಮೊಬೈಲ್‌ನಲ್ಲೋ ಇರುತ್ತೆ, ಅದು ಹೊರಗೆ ಬರುತ್ತೋ ಇಲ್ವೋ ಅನ್ನೋದು ಆ ಮನುಷ್ಯನ ಒಳ್ಳೇತನದ ಮೇಲೆ ನಿಂತಿರುತ್ತೆ. ಅವ್ರು ಒಳ್ಳೆಯವರೇ ಇರ್ಬಹುದು, ಆದ್ರೆ ಟ್ರಾನ್ಸ್‌ಫರ್ ಆಗಿ ಅವರ ಜಾಗಕ್ಕೆ ಬರೋರು ಹೆಂಗೋ ಏನೋ.

ಹೆಸರನ್ನ ತಗೊಳ್ಳೋದೇ ಬೇಡ ಅನ್ನೋ ಇನ್ನೊಂದು ದಾರಿ ಇದೆ, ಕ್ರೈಂ ಸ್ಟಾಪರ್ಸ್ ಅಂತ, ಅದು ಶುರುವಾಗಿದ್ದು ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿ ಊರಲ್ಲಿ, 1976ರಲ್ಲಿ. ಆ ವರ್ಷ ಜುಲೈನಲ್ಲಿ ಅಲ್ಲಿ ಒಂದು ಪೆಟ್ರೋಲ್ ಬಂಕ್‌ಗೆ ದರೋಡೆಗೆ ಬಂದವರು, ಅಲ್ಲಿ ಕೆಲಸ ಮಾಡ್ತಿದ್ದ ಕಾಲೇಜು ಹುಡುಗನಿಗೆ ಶಾಟ್‌ಗನ್‌ನಲ್ಲಿ ಹೊಡೆದು ಹೋದ್ರು. ಆಸ್ಪತ್ರೆಯಲ್ಲಿ ಕೆಲವೇ ಗಂಟೆ ಬದುಕಿದ್ದ, ಏನೋ ಹೇಳೋಕೆ ಒದ್ದಾಡ್ದ, ಆಗ್ಲಿಲ್ಲ. ಕೇಸು ಡಿಟೆಕ್ಟಿವ್ ಗ್ರೆಗ್ ಮ್ಯಾಕಲೀಸ್ ಕೈಗೆ ಬಂತು. ವಾರಗಟ್ಟಲೆ ಒಂದೇ ಒಂದು ಸುಳಿವಿಲ್ಲ. ಕೊನೆಗೆ ಅವ್ರು ಅಲ್ಲಿನ ಕೆಒಎಟಿ ಅನ್ನೋ ಟಿವಿ ಚಾನೆಲ್‌ನೋರ ಹತ್ರ ಹೋಗಿ, ಕೊಲೆ ಹೆಂಗಾಯ್ತು ಅನ್ನೋದನ್ನ ನಟರನ್ನ ಹಾಕ್ಕೊಂಡು ಮತ್ತೆ ಶೂಟ್ ಮಾಡಿ ನ್ಯೂಸ್‌ನಲ್ಲಿ ತೋರ್ಸೋಣ, ಫೋನ್ ಮಾಡೋರು ಹೆಸರು ಹೇಳೋದು ಬೇಡ, ಮಾಹಿತಿ ಕೆಲಸಕ್ಕೆ ಬಂದ್ರೆ ದುಡ್ಡೂ ಕೊಡೋಣ ಅಂದ್ರು. ಈಗ ನಮ್ಮ ಕನ್ನಡ ಚಾನೆಲ್‌ಗಳಲ್ಲಿ ರಾತ್ರಿ ಹತ್ತು ಗಂಟೆ ಮೇಲೆ ಕ್ರೈಂ ಪ್ರೋಗ್ರಾಂನಲ್ಲಿ ಸೌಂಡ್ ಎಫೆಕ್ಟ್ ಹಾಕಿ ತೋರಿಸ್ತಾರಲ್ಲ ಅದೇ ಥರ, ಆದ್ರೆ ಅಲ್ಲಿ ಅದಕ್ಕೊಂದು ಉದ್ದೇಶ ಇತ್ತು.

ಸೆಪ್ಟೆಂಬರ್‌ನಲ್ಲಿ ಅದು ಟಿವಿಯಲ್ಲಿ ಬಂತು, ನೋಡಿದ ಒಬ್ಬ ಫೋನ್ ಮಾಡ್ದ. ಆವತ್ತು ರಾತ್ರಿ ದೊಡ್ಡ ಸದ್ದು ಕೇಳಿಸ್ತು, ಒಂದು ಕಾರು ಹೋಗಿದ್ದು ನೋಡ್ದೆ, ಆ ಕಾರು ಹತ್ತಿರದ ಅಪಾರ್ಟ್‌ಮೆಂಟ್‌ನಲ್ಲಿ ಇರೋನದ್ದು ಅಂತ ಹೇಳ್ದ. ಇಷ್ಟು ದಿನ ಯಾಕಪ್ಪಾ ಸುಮ್ನಿದ್ದೆ ಅಂದ್ರೆ, ನಮಗ್ಯಾಕೆ ಇದ್ರ ಉಸಾಬರಿ ಅಂತ. 72 ಗಂಟೆ ಒಳಗೆ ಇಬ್ಬರನ್ನ ಹಿಡಿದ್ರು.

ನನಗೆ ಇದರಲ್ಲಿ ಹಿಡ್ಸಿದ್ದು ಟಿವಿ ಕಥೆ ಅಲ್ಲ. ಆ ಮಾಹಿತಿ ಅಷ್ಟೂ ದಿನ ಅದೇ ಏರಿಯಾದಲ್ಲಿ, ಒಬ್ಬ ಸಾಮಾನ್ಯ ಹುಡುಗನ ತಲೆಯಲ್ಲಿ ಆರಾಮಾಗಿ ಕೂತಿತ್ತು. ಪೊಲೀಸರು ಬೆರಳಚ್ಚು, ಗುಂಡಿನ ಚೂರು ಅಂತ ಹುಡುಕ್ತಿದ್ರು, ಗೊತ್ತಿರೋನು ಮನೇಲಿ ಊಟ ಮಾಡ್ಕೊಂಡು ಇದ್ದ. ಮ್ಯಾಕಲೀಸ್ ಇದನ್ನ ಎರಡೇ ಕಾರಣಕ್ಕೆ ಇಳಿಸಿದ್ರು: ಜನ ಬಾಯಿ ಬಿಡದೇ ಇರೋದು ಒಂದು ಭಯಕ್ಕೆ, ಇನ್ನೊಂದು ಉದಾಸೀನಕ್ಕೆ. ಭಯಕ್ಕೆ ಮದ್ದು ಹೆಸರು ಕೇಳದೇ ಇರೋದು, ಉದಾಸೀನಕ್ಕೆ ಮದ್ದು ದುಡ್ಡು. ಕ್ರೈಂ ಸ್ಟಾಪರ್ಸ್ ಅಂತ ಈಗ ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಎಲ್ಲ ಕಡೆ ಇರೋದು ಈ ಎರಡೇ ಮದ್ದಿನ ಮೇಲೆ ನಡೀತಿದೆ. ಕೆನಡಾದಲ್ಲಿ ಮೊದಲು ಬಂದಿದ್ದು ಕ್ಯಾಲ್ಗರಿಯಲ್ಲಿ, 1982ರಲ್ಲಿ.

ಕೆಲಸ ಮಾಡೋ ರೀತಿ ಹೇಳ್ತೀನಿ, ಇದು ಸ್ವಲ್ಪ ಮಜಾ ಇದೆ. ನೀವು ಫೋನ್ ಮಾಡ್ತೀರಾ, ಇಲ್ಲಾ ಆಪ್‌ನಲ್ಲಿ ಬರೀತೀರಾ. ಆ ಕಡೆ ಇರೋರು ಹೆಸರು ಕೇಳಲ್ಲ, ಕರೆ ರೆಕಾರ್ಡ್ ಮಾಡಲ್ಲ, ನಂಬರ್ ನೋಡೋ ವ್ಯವಸ್ಥೆನೇ ಇಟ್ಕೊಂಡಿರಲ್ಲ. ಆದ್ರೆ ಪ್ರಶ್ನೆ ಮಾತ್ರ ಚೆನ್ನಾಗಿ ಕೇಳ್ತಾರೆ: ನೀವೇ ಕಣ್ಣಾರೆ ನೋಡಿದ್ರಾ ಅಥವಾ ಯಾರೋ ಹೇಳಿದ್ದಾ, ಯಾವ ಬಣ್ಣದ ಗಾಡಿ, ಎಷ್ಟೊತ್ತಿಗೆ ಬರ್ತಾನೆ, ಮನೇಲಿ ನಾಯಿ ಇದೆಯಾ, ಮಕ್ಕಳಿದಾರಾ. ಕೊನೆಗೆ ನಿಮಗೊಂದು ನಂಬರ್ ಕೊಡ್ತಾರೆ. ಆವತ್ತಿಂದ ನೀವು ಆ ನಂಬರ್ ಅಷ್ಟೇ. ಕೆಲವು ದಿನ ಬಿಟ್ಟು ನೀವೇ ಮತ್ತೆ ಫೋನ್ ಮಾಡಿ ಆ ನಂಬರ್ ಹೇಳಿದ್ರೆ, ಏನಾಯ್ತು ಅಂತ ಅವ್ರೂ ಹೇಳ್ತಾರೆ, ಇನ್ನೇನಾದ್ರೂ ಡೌಟ್ ಇದ್ರೆ ಅವ್ರೂ ಕೇಳ್ತಾರೆ. ನಿಮ್ಮ ಮಾಹಿತಿಯಿಂದ ಅರೆಸ್ಟ್ ಆಗಿದ್ರೆ ಬಹುಮಾನ, ಸುಮಾರು ಕಡೆ ಹೆಚ್ಚಂದ್ರೆ 1000 ಡಾಲರ್. ಅದನ್ನ ತಗೊಳ್ಳೋದು ಹೆಂಗೆ ಅಂದ್ರೆ, ಇಂಥ ಬ್ಯಾಂಕಿಗೆ ಹೋಗಿ ಅಂತಾರೆ, ಕೌಂಟರ್‌ನಲ್ಲಿ ನಂಬರ್ ಹೇಳಿದ್ರೆ ಕವರ್‌ನಲ್ಲಿ ಕ್ಯಾಶ್ ಕೊಡ್ತಾರೆ. ಸಹಿ ಇಲ್ಲ, ಐಡಿ ಇಲ್ಲ. ನಮ್ಮ ಬ್ಯಾಂಕ್‌ಗಳಲ್ಲಿ ಸ್ವಂತ ದುಡ್ಡು ತೆಗೆಯೋಕೇ ಪ್ಯಾನ್ ಕಾರ್ಡ್ ಜೆರಾಕ್ಸ್ ಕೇಳ್ತಾರೆ, ಇರ್ಲಿ ಬಿಡಿ.

ಇನ್ನೊಂದು ಮುಖ್ಯವಾದ್ದು, ಆ ದುಡ್ಡು ಸರ್ಕಾರದ್ದಲ್ಲ, ಪೊಲೀಸರದ್ದೂ ಅಲ್ಲ. ಊರಿನ ಜನರದ್ದೇ ಒಂದು ಬೋರ್ಡ್ ಇರುತ್ತೆ, ಅಂಗಡಿಯೋರು, ಲಾಯರ್‌ಗಳು, ಮೇಷ್ಟ್ರುಗಳು ಇಂಥೋರು, ಅವ್ರು ಚಂದಾ ಎತ್ತಿ ಫಂಡ್ ಮಾಡ್ತಾರೆ, ಯಾವ ಮಾಹಿತಿಗೆ ಎಷ್ಟು ಅಂತ ಅವ್ರೇ ಮೀಟಿಂಗ್‌ನಲ್ಲಿ ಕೂತು ತೀರ್ಮಾನ ಮಾಡ್ತಾರೆ. ಅವ್ರ ಮುಂದೇನೂ ಬರೋದು ನಂಬರ್ ಮಾತ್ರ.

ಇಂಗ್ಲೆಂಡ್‌ನೋರು ಇನ್ನೂ ಒಂದು ಹೆಜ್ಜೆ ಮುಂದೆ ಹೋದ್ರು. 1985ರಲ್ಲಿ ಲಂಡನ್ನಿನ ಟಾಟನಮ್‌ನಲ್ಲಿ ಗಲಭೆ ಆಗಿ ಕೀತ್ ಬ್ಲೇಕ್‌ಲಾಕ್ ಅನ್ನೋ ಕಾನ್ಸ್‌ಟೇಬಲ್‌ನ ಗುಂಪು ಕೊಂದು ಹಾಕ್ತು. ನೋಡಿದೋರು ಎಷ್ಟೋ ಜನ ಇದ್ರು, ಹೇಳೋಕೆ ಮುಂದೆ ಬಂದೋರು ಕಮ್ಮಿ. ಅದನ್ನ ನೋಡಿ ಮೈಕಲ್ ಆಶ್‌ಕ್ರಾಫ್ಟ್ ಅನ್ನೋ ಉದ್ಯಮಿ 1988ರಲ್ಲಿ ಕ್ರೈಂಸ್ಟಾಪರ್ಸ್ ಟ್ರಸ್ಟ್ ಶುರು ಮಾಡಿದ್ರು. ಅದು ಪೊಲೀಸ್ ಇಲಾಖೆಯ ಭಾಗವೇ ಅಲ್ಲ, ಪ್ರತ್ಯೇಕ ಚಾರಿಟಿ. ಫೋನ್ ಎತ್ತೋರು ಪೊಲೀಸರಲ್ಲ, ನೀವು ಹೇಳಿದ್ದನ್ನ ಬರ್ಕೊಂಡು, ಅದರಲ್ಲಿ ನೀವು ಯಾರು ಅಂತ ಗೊತ್ತಾಗೋ ಅಂಥದ್ದೇನಾದ್ರೂ ಇದ್ರೆ ತೆಗೆದು ಹಾಕಿ, ಆಮೇಲೆ ಪೊಲೀಸರಿಗೆ ಕಳಿಸ್ತಾರೆ. ಉದಾಹರಣೆಗೆ "ನಮ್ಮ ಮನೆ ಮೇಲಿನ ಫ್ಲ್ಯಾಟ್‌ನಲ್ಲಿ" ಅಂದ್ರೆ ಕೆಳಗಿನ ಮನೆಯೋರೇ ಹೇಳಿದ್ದು ಅಂತ ಯಾರಿಗಾದ್ರೂ ತಿಳಿಯುತ್ತಲ್ವಾ, ಅಂಥ ಮಾತುಗಳನ್ನೆಲ್ಲ ತೆಗೀತಾರೆ. ನಮ್ಮ ಚಿಕ್ಕಪ್ಪನ ಮಗಳು ಅಲ್ಲೇ ಇರೋದು, ಅವಳು ಹೇಳೋ ಪ್ರಕಾರ ಅಲ್ಲಿ ಬಹುಮಾನ ಕೇಳೋರೇ ಕಮ್ಮಿ, ಎಲ್ರಿಗೂ ಬೇಕಾಗಿರೋದು ಹೆಸರು ಹೊರಗೆ ಬರಬಾರದು ಅನ್ನೋದಷ್ಟೇ.

ಹೆಸರು ತಗೊಂಡು ಗುಟ್ಟಾಗಿಡ್ತೀವಿ ಅಂದ್ರೆ ಏನಾಗ್ಬಹುದು ಅನ್ನೋದಕ್ಕೆ ನಮ್ಮ ದೇಶದಲ್ಲೇ ಸತ್ಯೇಂದ್ರ ದುಬೆ ಇದಾರೆ. ಐಐಟಿ ಕಾನ್ಪುರದಲ್ಲಿ ಓದಿದ ಇಂಜಿನಿಯರ್, ಹೆದ್ದಾರಿ ಪ್ರಾಧಿಕಾರದಲ್ಲಿ ಕೆಲಸ. ಸುವರ್ಣ ಚತುಷ್ಪಥದ ಕಾಮಗಾರಿಯಲ್ಲಿ ಲೂಟಿ ನಡೀತಿದೆ ಅಂತ 2002ರಲ್ಲಿ ಪ್ರಧಾನಿ ಕಚೇರಿಗೆ ಪತ್ರ ಬರೆದ್ರು. ಪತ್ರದಲ್ಲಿ ಹೆಸರು ಹಾಕ್ಲಿಲ್ಲ. ಮೂಗರ್ಜಿ ಅಂತ ಕಸದಬುಟ್ಟಿಗೆ ಹಾಕ್ಬಿಟ್ಟಾರು ಅಂತ ತಮ್ಮ ವಿವರ ಬೇರೆ ಹಾಳೆಯಲ್ಲಿ ಬರೆದು ಜೊತೆಗಿಟ್ಟು, ದಯವಿಟ್ಟು ಇದನ್ನ ಗುಟ್ಟಾಗಿಡಿ ಅಂತ ಕೇಳ್ಕೊಂಡ್ರು. ಆ ಹಾಳೆ ಸಮೇತ ಪತ್ರ ಹೆದ್ದಾರಿ ಸಚಿವಾಲಯಕ್ಕೆ, ಅಲ್ಲಿಂದ ಅವರದ್ದೇ ಪ್ರಾಧಿಕಾರಕ್ಕೆ ಹೋಯ್ತು. 2003ರ ನವೆಂಬರ್ 27ಕ್ಕೆ ಗಯಾದಲ್ಲಿ ಅವರ ಕೊಲೆ ಆಯ್ತು. ಸಿಬಿಐ ಅದನ್ನ ದರೋಡೆಗಾಗಿ ಆದ ಕೊಲೆ ಅಂದಿತು, 2010ರಲ್ಲಿ ಮೂವರಿಗೆ ಶಿಕ್ಷೆನೂ ಆಯ್ತು, ಮನೆಯೋರು ಆ ಮಾತು ಒಪ್ಪಲಿಲ್ಲ. ಕೊಲೆ ಯಾಕಾಯ್ತು ಅನ್ನೋದು ಒಂದು ಕಡೆ ಇರ್ಲಿ, ಆ ಹಾಳೆಗೆ ಪಿನ್ ಹೊಡೆದು ಮುಂದಿನ ಟೇಬಲ್‌ಗೆ ಕಳ್ಸಿದ ಗುಮಾಸ್ತನಿಗೆ ಬಹುಶಃ ಯಾವ ಕೆಟ್ಟ ಉದ್ದೇಶನೂ ಇರ್ಲಿಲ್ಲ. ಫೈಲ್ ಅಂದ್ಮೇಲೆ ಮುಂದೆ ಹೋಗ್ಲೇಬೇಕಲ್ಲ. ಅಷ್ಟಾದ ಮೇಲೆ 2004ರಲ್ಲಿ ಕೇಂದ್ರ ವಿಚಕ್ಷಣಾ ಆಯೋಗಕ್ಕೆ ಇಂಥ ದೂರುಗಳನ್ನ ಗುಟ್ಟಾಗಿ ತಗೊಳ್ಳೋ ಅಧಿಕಾರ ಕೊಟ್ರು, 2014ರಲ್ಲಿ ಒಂದು ಕಾಯ್ದೆನೂ ಪಾಸ್ ಮಾಡಿದ್ರು, ಆ ಕಾಯ್ದೆ ಇನ್ನೂ ಜಾರಿಗೇ ಬಂದಿಲ್ಲ. ಮತ್ತೆ ಅಲ್ಲೂ ಹೆಸರು ಕೊಡ್ಲೇಬೇಕು. ನಮ್ಮ ಲೋಕಾಯುಕ್ತಕ್ಕೆ ದೂರು ಕೊಡೋದಾದ್ರೂ ಅಫಿಡವಿಟ್ ಬೇಕು.

ಅದು ದೊಡ್ಡ ಮಟ್ಟದ ಮಾತಾಯ್ತು. ನಮ್ಮ ಕ್ರಾಸ್‌ಗೆ ಬನ್ನಿ. ಇಲ್ಲೊಂದು ಖಾಲಿ ಸೈಟ್ ಇದೆ, ಸಾಯಂಕಾಲ ಆದ್ರೆ ಒಂದಷ್ಟು ಹುಡುಗ್ರು ಬೈಕ್ ನಿಲ್ಲಿಸ್ಕೊಂಡು ನಿಂತಿರ್ತಾರೆ, ಸಣ್ಣ ಸಣ್ಣ ಪೊಟ್ಟಣ ಕೈ ಬದಲಾಗುತ್ತೆ, ವಾಸನೆ ಮೊದಲನೇ ಮಹಡಿವರೆಗೂ ಬರುತ್ತೆ. ಎಲ್ರಿಗೂ ಗೊತ್ತು. ಒಬ್ರು ಆಂಟಿ, ಇವ್ರ ಮಗ ಪಿಯುಸಿ, ಅದಕ್ಕೇ ತಡ್ಕೊಳ್ಳೋಕಾಗ್ದೆ ಫೋನ್ ಮಾಡಿದ್ರು. ಪೊಲೀಸ್ ಗಾಡಿ ಬೇಗನೇ ಬಂತು, ಅದನ್ನ ಮೆಚ್ಚಲೇಬೇಕು. ಬಂದು ನಿಂತಿದ್ದು ಎಲ್ಲಿ ಅಂದ್ರೆ ಸೈಟ್ ಹತ್ರ ಅಲ್ಲ, ಆಂಟಿ ಗೇಟ್ ಮುಂದೆ. ಲೈಟ್ ತಿರುಗ್ತಾನೇ ಇದೆ. "ಯಾರಮ್ಮಾ ಫೋನ್ ಮಾಡಿದ್ದು? ಸ್ವಲ್ಪ ಹೊರಗೆ ಬನ್ನಿ" ಅಂತ ಕೂಗು. ಇಡೀ ಕ್ರಾಸು ಬಾಲ್ಕನಿಗೆ ಬಂತು, ಹುಡುಗ್ರು ಗಾಡಿ ಸ್ಟಾರ್ಟ್ ಮಾಡ್ಕೊಂಡು ನಿಧಾನಕ್ಕೆ ಅವ್ರ ಮನೆ ಮುಂದಿಂದಾನೇ ಹೋದ್ರು, ಒಬ್ಬ ತಿರುಗಿ ನೋಡ್ಕೊಂಡು ಹೋದ. ಮಾರನೇ ದಿನ ಅವ್ರ ಸ್ಕೂಟಿ ಸೀಟ್ ಉದ್ದಕ್ಕೆ ಬ್ಲೇಡ್‌ನಲ್ಲಿ ಕುಯ್ದಿದ್ರು, ಒಳಗಿನ ಸ್ಪಂಜ್ ಹೊರಗೆ ಬಂದಿತ್ತು. ಅಂಕಲ್ ಅದಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿದ್ರು, ಕಂಪ್ಲೇಂಟ್ ಕೊಡ್ಲಿಲ್ಲ. ಕೊಟ್ರೆ ಗಾಡಿ ಮತ್ತೆ ಬರುತ್ತಲ್ಲ.

ಆ ಪೊಲೀಸಿನವರು ಕೆಟ್ಟೋರಲ್ಲ, ಪಾಪ, ವಿಳಾಸ ಗೊತ್ತಿಲ್ದೇ ಕೇಳಿದ್ರು ಅಷ್ಟೇ. ಹೆಸರು ಎಲ್ಲೂ ಲೀಕ್ ಆಗ್ಲಿಲ್ಲ. ಗಾಡಿ ನಿಂತಿದ್ದ ಜಾಗ ಸಾಕಾಯ್ತು.

ಇದೇ ಥರದ್ದು, ಇದಕ್ಕಿಂತ ಎಷ್ಟೋ ಪಾಲು ಭಯಂಕರವಾದ್ದು ಅಮೆರಿಕದ ಬಾಲ್ಟಿಮೋರ್‌ನಲ್ಲಿ ಆಗಿದೆ. ಆಂಜೆಲಾ ಡಾಸನ್ ಅನ್ನೋ ಹೆಂಗಸು ತಮ್ಮ ಮನೆ ಮುಂದೆ ಡ್ರಗ್ಸ್ ಮಾರೋರ ಬಗ್ಗೆ ಪೊಲೀಸರಿಗೆ ಮತ್ತೆ ಮತ್ತೆ ಫೋನ್ ಮಾಡ್ತಿದ್ರು. 2002ರ ಅಕ್ಟೋಬರ್‌ನಲ್ಲಿ ಮೊದ್ಲು ಒಂದ್ಸಲ ಮನೆಗೆ ಬೆಂಕಿ ಬಾಟಲಿ ಎಸೆದ್ರು, ಎರಡು ವಾರ ಆಗೋಷ್ಟ್ರಲ್ಲಿ ಮನೇಗೇ ಬೆಂಕಿ ಇಟ್ರು. ಆಕೆ, ಐದು ಮಕ್ಕಳು, ಆಮೇಲೆ ಗಂಡ, ಎಲ್ರೂ ಹೋದ್ರು. ಆ ಏರಿಯಾದಲ್ಲಿ ಯಾರು ಫೋನ್ ಮಾಡ್ತಾರೆ ಅನ್ನೋದು ಎಲ್ರಿಗೂ ಗೊತ್ತಿತ್ತು. ಕ್ರೈಂ ಸ್ಟಾಪರ್ಸ್ ಹುಟ್ಟಿದ ದೇಶದಲ್ಲೇ ಹಿಂಗಾಗಿದೆ ಅಂದ್ರೆ ನಂಬರ್ ಇದ್ದ ಮಾತ್ರಕ್ಕೆ ಸಾಕಾಗಲ್ಲ, ಮಾಹಿತಿ ಬಂದ ಮೇಲೆ ಪೊಲೀಸರು ಅದನ್ನಿಟ್ಕೊಂಡು ಹೆಂಗೆ ನಡ್ಕೋತಾರೆ ಅನ್ನೋದರಲ್ಲೂ ಹೇಳಿದೋರ ಜೀವ ಇರುತ್ತೆ.

ನಮ್ಮಲ್ಲಿ ಇನ್ನೊಂದು ಫಜೀತಿ ಇದೆ. ಸಿಮ್ ಕಾರ್ಡ್‌ಗೆ ಗುರುತಿನ ಚೀಟಿ ಕೊಟ್ಟಿರ್ತೀವಿ, ಹಂಗಾಗಿ ನಂಬರ್ ಅಂದ್ರೆ ಹೆಸರೇ. ಅಷ್ಟು ದೂರ ಹೋಗೋದೂ ಬೇಡ, ಆ ಕಡೆಯೋರ ಫೋನ್‌ನಲ್ಲಿ ಟ್ರೂಕಾಲರ್ ಇದ್ರೆ ನೀವು ಹಲೋ ಅನ್ನೋಕೆ ಮುಂಚೆನೇ ನಿಮ್ಮ ಹೆಸರು, ಕೆಲವರದ್ದು ಫೋಟೋ, ಇನ್ನು ಕೆಲವರದ್ದು "ಮಂಜು ಗ್ಯಾಸ್ ಸ್ಟವ್ ರಿಪೇರಿ" ಅಂತ ಕಸುಬು ಸಮೇತ ಬಂದಿರುತ್ತೆ. ಹಿಂದೆ ಅಂಗಡಿ ಮುಂದೆ ಒಂದ್ರೂಪಾಯಿ ಕಾಯಿನ್ ಬಾಕ್ಸ್ ಇರ್ತಿತ್ತು, ಕೆಂಪು ಡಬ್ಬ, ಅದೇ ನಮ್ಮ ಪಾಲಿನ ಕ್ರೈಂ ಸ್ಟಾಪರ್ಸ್ ಆಗಿತ್ತು ಅನ್ಸುತ್ತೆ ಈಗ.

ಕಾನೂನು ಏನೂ ಇಲ್ಲ ಅಂತಲ್ಲ. ಹಳೇ ಸಾಕ್ಷ್ಯ ಕಾಯ್ದೆಯ 125ನೇ ಸೆಕ್ಷನ್, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 131. ಅಪರಾಧದ ಮಾಹಿತಿ ಎಲ್ಲಿಂದ ಬಂತು ಅಂತ ಹೇಳು ಅಂತ ಪೊಲೀಸ್ ಅಧಿಕಾರಿಯನ್ನ ಬಲವಂತ ಮಾಡೋ ಹಾಗಿಲ್ಲ ಅಂತ ಅದು ಹೇಳುತ್ತೆ. ಒಳ್ಳೇದೇ. ಆದ್ರೆ ಸರಿಯಾಗಿ ಓದಿ ನೋಡಿ, ಕೋರ್ಟಲ್ಲಿ ಅವರ ಬಾಯಿ ಬಿಡಿಸಬಾರದು ಅಂತ ಇದೆ, ಸ್ಟೇಷನ್ ಎದುರಿನ ಟೀ ಅಂಗಡೀಲಿ ಅವರಾಗೇ ಬಾಯಿ ಬಿಟ್ರೆ ಏನು ಅನ್ನೋದಕ್ಕೆ ಆ ಸೆಕ್ಷನ್‌ನಲ್ಲಿ ಉತ್ತರ ಇಲ್ಲ.

ಇದನ್ನೆಲ್ಲ ನಮ್ಮ ಮಾವನ ಸ್ನೇಹಿತರೊಬ್ಬರ ಹತ್ರ ಮಾತಾಡ್ದೆ, ಎಎಸ್‌ಐ ಆಗಿ ರಿಟೈರ್ ಆದೋರು. ಅವ್ರು ನಕ್ಕು, "ನೋಡಮ್ಮಾ, ಪೇಪರ್‌ನಲ್ಲಿ ಖಚಿತ ಮಾಹಿತಿ ಮೇರೆಗೆ ದಾಳಿ ಅಂತ ಬರುತ್ತಲ್ಲ, ಆ ಖಚಿತ ಮಾಹಿತಿ ಆಕಾಶದಿಂದ ಬಿದ್ದಿರುತ್ತಾ? ನಮಗೂ ಬಾತ್ಮೀದಾರರು ಇರ್ತಾರೆ, ಅವ್ರ ಹೆಸರು ಸಾಯೋವರೆಗೂ ಹೇಳಲ್ಲ" ಅಂದ್ರು. ಸರಿ, ಆದ್ರೆ ಆ ಬಾತ್ಮೀದಾರ ಯಾರು? ಅದೇ ಲೈನ್‌ನಲ್ಲಿ ಓಡಾಡೋನು, ಹಳೇ ಕೇಸ್ ಇರೋನು, ಬಾರ್ ಹುಡುಗ, ಗುಜರಿಯೋನು. ಇನ್ಸ್‌ಪೆಕ್ಟರ್‌ಗೆ ಅವನು ಬೇಕು, ಅವನಿಗೆ ಇನ್ಸ್‌ಪೆಕ್ಟರ್ ಬೇಕು, ಅದಕ್ಕೇ ಗುಟ್ಟು ಉಳಿಯುತ್ತೆ. ಅಂಥ ಗುಟ್ಟು ಪಿಯುಸಿ ಹುಡುಗನ ತಾಯಿಗೆ ಸಿಗಲ್ಲ. "ಅಂಕಲ್, ನಮ್ಮಂಥೋರಿಗೆ?" ಅಂದ್ರೆ ಅವ್ರು ಇನ್ನೊಂದು ಪಾಯಿಂಟ್ ಹಾಕಿದ್ರು, ಹೆಸರೇ ಇಲ್ಲ ಅಂದ್ರೆ ನಾಳೆ ಕೋರ್ಟಲ್ಲಿ ಸಾಕ್ಷಿ ಯಾರು, ಪಂಚರೇ ಉಲ್ಟಾ ಹೊಡೀತಾರೆ, ಇನ್ನು ಹೆಸರಿಲ್ದೋರನ್ನ ಕಟ್ಕೊಂಡು ನಾನೇನ್ಮಾಡ್ಲಿ ಅಂತ.

ಈ ಪ್ರಶ್ನೆಗೆ ಉತ್ತರ ಇದೆ. ಹೆಸರಿಲ್ಲದ ಮಾಹಿತಿ ಸಾಕ್ಷಿ ಅಲ್ಲ, ಎಲ್ಲಿ ನೋಡ್ಬೇಕು ಅಂತ ತೋರಿಸೋದಷ್ಟೇ ಅದರ ಕೆಲಸ, ಆಮೇಲಿನ ಕೆಲಸ ಪೊಲೀಸರದ್ದೇ. ಕೆನಡಾದಲ್ಲಿ ಲೈಪರ್ಟ್ ಕೇಸ್ ಅಂತ ಇದೆ, 1997ರ ಸುಪ್ರೀಂ ಕೋರ್ಟ್ ತೀರ್ಪು. ಇಂಥ ಮನೆಯ ನೆಲಮಾಳಿಗೆಯಲ್ಲಿ ಗಾಂಜಾ ಬೆಳೀತಿದಾನೆ ಅಂತ ಕ್ರೈಂ ಸ್ಟಾಪರ್ಸ್‌ಗೆ ಫೋನ್ ಬಂತು. ಪೊಲೀಸಿನವರು ನೇರ ಬಾಗಿಲು ಒದ್ದು ಒಳಗೆ ಹೋಗ್ಲಿಲ್ಲ. ಒಬ್ಬ ಆಫೀಸರ್ ನಾಯಿ ಕರ್ಕೊಂಡು ಆ ಬೀದಿಯಲ್ಲಿ ಬೇರೆ ಬೇರೆ ದಿನ ಓಡಾಡ್ದ, ಪ್ರತಿ ಸಲನೂ ನಾಯಿ ಅದೇ ಮನೆ ಕಡೆ ತೋರಿಸ್ತು, ಅವನಿಗೂ ವಾಸನೆ ಬಂತು, ಆಮೇಲೆ ವಾರಂಟ್. ಆರೋಪಿ, ಫೋನ್ ಮಾಡಿದ್ಯಾರು, ಆ ಮಾಹಿತಿ ಬರ್ಕೊಂಡ ಚೀಟಿ ತೋರಿಸಿ ಅಂತ ಕೋರ್ಟಿಗೆ ಹೋದ. ಗುರುತು ಸಿಗೋ ಕಡೆ ಮಸಿ ಬಳಿದು ತೋರಿಸಿ ಅಂತ ಕೆಳಗಿನ ಕೋರ್ಟ್ ಅಂದ್ರೆ, ಸುಪ್ರೀಂ ಕೋರ್ಟ್ ಅದೂ ಬೇಡ ಅಂತು, ಯಾಕಂದ್ರೆ ಫೋನ್ ಬಂದ ಟೈಮು ಇಲ್ಲಾ ಯಾವುದೋ ಒಂದು ಸಣ್ಣ ವಿವರ ಸಾಕು ಆರೋಪಿಗೆ ಯಾರು ಅಂತ ಹೊಳೆಯೋಕೆ, ನಮಗೆ ಯಾವುದು ಸಣ್ಣದು ಯಾವುದು ದೊಡ್ಡದು ಅಂತ ಗೊತ್ತಾಗಲ್ಲ ಅಂತ. ನನಗಂತೂ ಆಂಟಿ ಗೇಟ್ ಮುಂದಿನ ಗಾಡಿ ನೆನಪಾಯ್ತು ಇದನ್ನ ಓದ್ದಾಗ.

ಉಲ್ಟಾ ಕೇಸೂ ಇದೆ. ಮಯಾಮಿಯಲ್ಲಿ ಯಾರೋ ಫೋನ್ ಮಾಡಿ, ಬಸ್ ಸ್ಟಾಪ್‌ನಲ್ಲಿ ಚೌಕಳಿ ಶರ್ಟ್ ಹಾಕ್ಕೊಂಡಿರೋ ಕಪ್ಪು ಹುಡುಗನ ಹತ್ರ ಗನ್ ಇದೆ ಅಂದ್ರು. ಪೊಲೀಸರು ಹೋಗಿ ತಡಕಿದ್ರು, ಗನ್ ಸಿಕ್ತು ಕೂಡ. ಆದ್ರೂ 2000ನೇ ಇಸವಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಆ ತಪಾಸಣೆ ತಪ್ಪು ಅಂತು. ಶರ್ಟ್ ಬಣ್ಣ ಯಾರು ಬೇಕಾದ್ರೂ ನೋಡಿ ಹೇಳ್ಬಹುದು, ಹೆಸರಿಲ್ಲದ ಒಂದು ಫೋನ್ ನಂಬಿ ಒಬ್ಬನ ಮೈ ಮುಟ್ಟೋ ಹಾಗಿಲ್ಲ, ಇಲ್ಲಾಂದ್ರೆ ಆಗದೇ ಇರೋರ ಮೇಲೆಲ್ಲ ಫೋನ್ ಮಾಡ್ಸೋಕೆ ಶುರು ಮಾಡ್ತಾರೆ. ನಮ್ಮಲ್ಲೂ ಸುಪ್ರೀಂ ಕೋರ್ಟ್, ತಲೆಬುಡ ಇಲ್ಲದ ಅನಾಮಧೇಯ ಕರೆಯನ್ನ ಎಫ್‌ಐಆರ್ ಅಂತ ತಗೊಳ್ಳೋಕಾಗಲ್ಲ ಅಂತ ಹೇಳಿದೆ.

ಈ ಹೆದರಿಕೆ ನಮಗೆ ಇನ್ನೂ ಜಾಸ್ತಿ ಇರ್ಬೇಕು, ನಾವು ಮೂಗರ್ಜಿ ಬರೆಯೋದರಲ್ಲಿ ಪಳಗಿದ ಜನ. ಪ್ರಮೋಷನ್ ತಪ್ಪಿಸೋಕೆ, ಮದುವೆ ತಪ್ಪಿಸೋಕೆ, ಸೈಟ್ ತಗಾದೆಗೆ, ಎಲ್ಲದಕ್ಕೂ ಮೂಗರ್ಜಿ. ಸರ್ಕಾರಿ ನೌಕರರ ಮೇಲೆ ಬರೋ ಮೂಗರ್ಜಿಗಳ ಮೇಲೆ ಕ್ರಮನೇ ಬೇಡ ಅಂತ ವಿಚಕ್ಷಣಾ ಆಯೋಗ 1999ರಲ್ಲೇ ಸುತ್ತೋಲೆ ಹೊರಡಿಸ್ಬೇಕಾಯ್ತು. ನಮ್ಮ ಏರಿಯಾ ಗ್ರೂಪ್‌ನಲ್ಲಿ "ಅನುಮಾನಾಸ್ಪದ ವ್ಯಕ್ತಿ" ಅಂತ ಹಾಕೋ ಫೋಟೋಗಳನ್ನ ನೋಡಿ, ಮುಕ್ಕಾಲು ಪಾಲು ಯಾರೋ ಪಾಪ ಡೆಲಿವರಿ ಹುಡುಗ, ಇಲ್ಲಾ ಬೇರೆ ರಾಜ್ಯದಿಂದ ಬಂದಿರೋ ಬಾಡಿಗೆಯೋರು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳ ಅಂತ ವಾಟ್ಸಾಪ್‌ನಲ್ಲಿ ಹಬ್ಬಿಸಿ ಹೈದರಾಬಾದ್‌ನ ಒಬ್ಬ ಟೆಕ್ಕಿಯನ್ನ ಜನ ಹೊಡೆದು ಸಾಯಿಸಿದ್ರು, ಅವ್ರು ಮಾಡಿದ್ದು ಮಕ್ಕಳಿಗೆ ಚಾಕ್ಲೆಟ್ ಕೊಟ್ಟಿದ್ದು. "ನೀವೇ ನೋಡಿದ್ರಾ, ಯಾರೋ ಹೇಳಿದ್ದಾ" ಅಂತ ಕೇಳೋ ಒಬ್ಬ ಮನುಷ್ಯ ಮಧ್ಯದಲ್ಲಿ ಇರ್ಲಿಲ್ಲ ಅಲ್ಲಿ. ಮೂಗರ್ಜಿಗೂ ಕ್ರೈಂ ಸ್ಟಾಪರ್ಸ್‌ಗೂ ವ್ಯತ್ಯಾಸ ಅದೇ ಅನ್ಸುತ್ತೆ ನನಗೆ. ಮೂಗರ್ಜಿಯನ್ನ ತಿರುಗಿ ಪ್ರಶ್ನೆ ಕೇಳೋಕಾಗಲ್ಲ, ನಂಬರ್ ಕೊಟ್ಟಿರೋ ಅನಾಮಿಕನನ್ನ ಕೇಳ್ಬಹುದು, ಎರಡು ಮೂರು ಸಲ ಕೇಳಿದ್ರೆ ಸುಳ್ಳು ಹೇಳೋನು ಎಲ್ಲೋ ಒಂದು ಕಡೆ ತಪ್ಪು ಹೇಳೇ ಹೇಳ್ತಾನೆ.

ಈ ನಂಬರ್ ಪದ್ಧತಿ ನಮ್ಮ ಸರ್ಕಾರಕ್ಕೆ ಗೊತ್ತೇ ಇಲ್ಲ ಅಂತೇನಲ್ಲ, ತಮಾಷೆ ಅದೇ. ಬೇನಾಮಿ ಆಸ್ತಿ ಬಗ್ಗೆ ಸುಳಿವು ಕೊಡೋರಿಗೆ 1 ಕೋಟಿವರೆಗೂ ಬಹುಮಾನ ಅಂತ 2018ರಲ್ಲಿ ಐಟಿ ಇಲಾಖೆ ಸ್ಕೀಮ್ ತಂತು, ಅಲ್ಲಿ ಮಾಹಿತಿದಾರನಿಗೆ ಕೋಡ್ ನಂಬರ್ ಕೊಡ್ತಾರೆ, ಹೆಸರು ಮೊದ್ಲು ತಗೊಂಡೇ ಕೊಡೋದು ಅನ್ನೋದು ಬೇರೆ ಮಾತು. ತೆರಿಗೆ ದುಡ್ಡು ಬರುತ್ತೆ ಅಂದ್ರೆ ತಲೆ ಓಡುತ್ತೆ. ಡ್ರಗ್ಸ್ ವಿಷಯದಲ್ಲಿ 2024ರ ಜುಲೈನಲ್ಲಿ ಮಾನಸ್ ಅಂತ 1933 ಸಹಾಯವಾಣಿ ಶುರುವಾಗಿದೆ, ಹೆಸರು ಹೇಳ್ದೇನೇ ಮಾಹಿತಿ ಕೊಡ್ಬಹುದು ಅಂತಾರೆ. ಆಂಟಿಗೆ ಆ ನಂಬರ್ ಕಳ್ಸಿದೀನಿ, ಅವ್ರು ಇನ್ನೂ ಮಾಡಿಲ್ಲ, ಮಾಡಿ ಅಂತ ಒತ್ತಾಯ ಮಾಡೋ ಧೈರ್ಯ ನನಗೂ ಇಲ್ಲ.

ರಿಟೈರ್ಡ್ ಎಎಸ್‌ಐ ಅಂಕಲ್‌ಗೆ ಕೊನೆಗೆ ಇಷ್ಟೇ ಕೇಳ್ದೆ, ಇಂಗ್ಲೆಂಡ್ ಥರ ಪೊಲೀಸರಲ್ಲದೋರು ಮಧ್ಯ ಕೂತು ಫೋನ್ ಎತ್ತೋದು, ಊರಿನೋರದ್ದೇ ಬೋರ್ಡು, ಚಂದಾ ದುಡ್ಡಲ್ಲಿ ಬಹುಮಾನ, ಇದು ನಮ್ಮ ಕಡೆ ಆಗುತ್ತಾ ಅಂತ. ದುಡ್ಡಿನ ವಿಷಯಕ್ಕೆ ಅವ್ರು ತಲೆ ಕೆಡಿಸ್ಕೊಳ್ಳಲಿಲ್ಲ, ಗಣಪತಿಗೆ ಎತ್ತೋ ಚಂದಾದಲ್ಲಿ ಕಾಲು ಭಾಗ ಸಾಕು ಅಂದ್ರು. "ಬೋರ್ಡಿಗೆ ಯಾರ್ ಬರ್ತಾರೆ ಹೇಳು" ಅಂದ್ರು. ನಾನು ಹೈಸ್ಕೂಲ್ ಮೇಷ್ಟ್ರು, ಡಾಕ್ಟ್ರು, ಮೆಡಿಕಲ್ ಸ್ಟೋರ್‌ನೋರು ಅಂತ ಲಿಸ್ಟ್ ಹೇಳ್ತಾ ಹೋದೆ. "ಅವ್ರೆಲ್ಲ ಮೊದಲನೇ ಮೀಟಿಂಗ್‌ಗೆ ಬರ್ತಾರಮ್ಮಾ. ಎರಡನೇ ಮೀಟಿಂಗ್‌ಗೆ ಮಾಜಿ ಕಾರ್ಪೊರೇಟರ್ ಅಧ್ಯಕ್ಷ ಆಗಿರ್ತಾರೆ, ಆ ಸೈಟ್‌ನಲ್ಲಿ ನಿಂತ್ಕೊಳ್ಳೋ ಹುಡುಗ್ರಲ್ಲಿ ಇಬ್ಬರು ಅವ್ರ ಬ್ಯಾನರ್ ಕಟ್ಟೋರು" ಅಂದ್ರು. ಅದಕ್ಕೆ ಏನು ಮಾಡ್ಬೇಕು ಅಂತ ನನಗಿನ್ನೂ ಹೊಳೆದಿಲ್ಲ.